ಸ್ಕಾಟ್ಲೆಂಡಿನ ಕೆಂಪು ಜಿಂಕೆ ಮತ್ತು ಬೇಟೆಯ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಇನ್ವರ್ನೆಸ್ ಹತ್ತಿರ. ಚಳಿಗಾಲದಲ್ಲಿ ಒಂದು ಎಸ್ಟೇಟಿನ ಬೇಟೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತೇನೆ. ಊರಿಗೆ ಬಂದಾಗ ಯಾರಾದರೂ ಕೆಲಸ ಏನು ಅಂತ ಕೇಳಿದರೆ "ಸತ್ತ ಜಿಂಕೆ ಎಣಿಸ್ತೀನಿ" ಅನ್ನುತ್ತೇನೆ. ಮೊದಲು ನಗು, ಆಮೇಲೆ ಪ್ರಶ್ನೆಗಳ ಸುರಿಮಳೆ. ಮೊಟ್ಟೆಯನ್ನೂ ಮುಟ್ಟದ ಅಮ್ಮನಿಂದ ಹಿಡಿದು ಅಬರ್ಡೀನಿನಲ್ಲಿರುವ ಗೆಳೆಯರ ತನಕ ಎಲ್ಲರೂ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಕೆಂಪು ಜಿಂಕೆ ಅಂದರೆ ನಮ್ಮ ಚುಕ್ಕೆ ಜಿಂಕೆ ಥರವಾ?

ಅಲ್ಲ. ನೋಡಲು ನಮ್ಮ ಕಡವೆಗೆ ಹತ್ತಿರ, ಆದರೆ ಅದಕ್ಕಿಂತ ಸಣ್ಣದು. ಗಂಡು 90ರಿಂದ 190 ಕೆಜಿ ತೂಗುತ್ತದೆ, ಹೆಣ್ಣು 60ರಿಂದ 120 ಕೆಜಿ. ಬೋಳು ಗುಡ್ಡದಲ್ಲಿ ಬೆಳೆದವು ಸಣ್ಣ, ಕಾಡಿನಲ್ಲಿ ಬೆಳೆದವು ದೊಡ್ಡ. ಬೇಸಿಗೆಯಲ್ಲಿ ಮೈ ಕೆಂಪುಗಂದು, ಚಳಿಗಾಲದಲ್ಲಿ ಬೂದುಗಂದು. ಕೊಂಬು ಗಂಡಿಗೆ ಮಾತ್ರ. ಕಡವೆಯ ಹಾಗೆಯೇ ಅದು ಉದುರಿ ಮತ್ತೆ ಬೆಳೆಯುತ್ತದೆ.

ನಮ್ಮ ದೇಶದಲ್ಲಿ ಇದರ ಹತ್ತಿರದ ನೆಂಟ ಕಾಶ್ಮೀರದ ಹಂಗುಲ್. ಡಚಿಗಾಮ್ ಕಾಡಿನಲ್ಲಿದೆ. ಬಹಳ ಕಾಲ ಅದನ್ನು ಕೆಂಪು ಜಿಂಕೆಯ ಒಂದು ಒಳಜಾತಿ ಅಂತಲೇ ಎಣಿಸುತ್ತಿದ್ದರು. ಅಲ್ಲಿ ಒಂದೊಂದು ತಲೆಯೂ ಉಳಿಯಲಿ ಅಂತ ಎಣಿಸುತ್ತಾರೆ. ಇಲ್ಲಿನ ಎಣಿಕೆ ಸಂಖ್ಯೆ ಮಿತಿ ಮೀರಿದೆಯಾ ಅಂತ ನೋಡುವುದಕ್ಕೆ.

ಹೊಡೆಯಲೇಬೇಕಾ? ಅವುಗಳ ಪಾಡಿಗೆ ಬಿಟ್ಟರೆ ಏನಾಗುತ್ತದೆ?

ಅಮ್ಮನ ಪ್ರಶ್ನೆ ಇದು. ನಮ್ಮ ಬಂಡೀಪುರದಲ್ಲಿ ಹುಲಿ ಇದೆ, ಚಿರತೆ ಇದೆ, ಸೀಳುನಾಯಿ ಇದೆ. ದಿನಾ ಎಷ್ಟೋ ಜಿಂಕೆ ಅವುಗಳ ಬಾಯಿಗೆ ಹೋಗುತ್ತವೆ, ಯಾರೂ ಲೆಕ್ಕ ಕೇಳುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಲಿಂಕ್ಸ್ ಅನ್ನುವ ಕಾಡುಬೆಕ್ಕು ಯಾವಾಗಲೋ ಹೋಯಿತು. ಕೊನೆಯ ತೋಳ ಸತ್ತು ಸುಮಾರು 300 ವರ್ಷವಾಯಿತು. ಹದ್ದು ಆಗೊಮ್ಮೆ ಈಗೊಮ್ಮೆ ಒಂದು ಮರಿ ಹೊತ್ತುಕೊಂಡು ಹೋಗುವುದು ಬಿಟ್ಟರೆ ದೊಡ್ಡ ಜಿಂಕೆಗೆ ಮನುಷ್ಯನೊಬ್ಬನೇ ಶತ್ರು.

ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ರಮ್ ದ್ವೀಪದಲ್ಲಿ ನಿಜವಾಗಿಯೂ ಬಿಟ್ಟು ನೋಡಿದ್ದಾರೆ. ಪಶ್ಚಿಮ ಕರಾವಳಿಯ ಈ ದ್ವೀಪದಲ್ಲಿ 1953ರಿಂದ ಕೆಂಪು ಜಿಂಕೆಗಳನ್ನು ಗಮನಿಸುತ್ತಿದ್ದಾರೆ. 1972ರಲ್ಲಿ ದ್ವೀಪದ ಉತ್ತರ ಭಾಗದಲ್ಲಿ ಹೊಡೆಯುವುದನ್ನು ನಿಲ್ಲಿಸಿದರು. ಹತ್ತು ಹನ್ನೊಂದು ವರ್ಷದಲ್ಲಿ ಅಲ್ಲಿನ ಹೆಣ್ಣುಗಳು ಎರಡು ಪಟ್ಟಿಗಿಂತ ಜಾಸ್ತಿಯಾದವು. ಗಂಡುಗಳು ಮಾತ್ರ ಕಡಿಮೆಯಾಗುತ್ತಾ ಹೋದವು. ಮೇವು ಸಾಲದಾದಾಗ ಮೊದಲು ಸೋಲುವುದು ಗಂಡು ಮರಿ. ದೊಡ್ಡ ಮೈ ಕಟ್ಟಬೇಕು, ಅದಕ್ಕೆ ತಿನಿಸು ಜಾಸ್ತಿ ಬೇಕು. ಸಂಖ್ಯೆ ಒಂದು ಹಂತಕ್ಕೆ ಬಂದು ನಿಂತಿತು ನಿಜ. ಆದರೆ ಅದನ್ನು ನಿಲ್ಲಿಸಿದ್ದು ಹಸಿವು. ಫೆಬ್ರವರಿಯಿಂದ ಏಪ್ರಿಲ್ ತನಕ ಹೊಟ್ಟೆಗಿಲ್ಲದೆ ಸಾಯುವ ಮರಿಗಳನ್ನು ನೋಡಿದವರು "ಪ್ರಕೃತಿಗೆ ಬಿಡಿ" ಅನ್ನುವ ಮಾತನ್ನು ಅಷ್ಟು ಹಗುರವಾಗಿ ಆಡುವುದಿಲ್ಲ.

ಇನ್ನೊಂದು ನಷ್ಟ ಕಾಡಿನದು. ಮೊಣಕಾಲೆತ್ತರದ ಪೈನ್ ಗಿಡ ನೋಡಿ "ಓ, ಹೊಸ ಸಸಿ" ಅಂದುಕೊಳ್ಳುತ್ತೇವೆ. ಅದಕ್ಕೆ ಇಪ್ಪತ್ತು ವರ್ಷ ಆಗಿರಬಹುದು. ಪ್ರತಿ ಚಳಿಗಾಲವೂ ಜಿಂಕೆ ಅದರ ತುದಿ ತಿಂದಿರುತ್ತದೆ.

ಒಟ್ಟು ಎಷ್ಟು ಜಿಂಕೆ ಇವೆ?

ಸ್ಕಾಟ್ಲೆಂಡಿನಲ್ಲಿ ನಾಲ್ಕು ಜಾತಿ ಇವೆ: ಕೆಂಪು ಜಿಂಕೆ, ರೋ, ಸೀಕಾ, ಫ್ಯಾಲೋ. ಎಲ್ಲ ಸೇರಿ 1990ರಲ್ಲಿ ಸುಮಾರು 5 ಲಕ್ಷ ಇದ್ದವು, ಈಗ 10 ಲಕ್ಷದ ತನಕ ಇರಬಹುದು ಅನ್ನುವುದು ಸರ್ಕಾರದ ಕಡೆಯ ಅಂದಾಜು. ಅಂದಾಜು ಅನ್ನುವ ಪದವನ್ನು ಗಮನಿಸಿ. ಕಾಡೊಳಗೆ ಅಡಗಿದ ಜಿಂಕೆಯನ್ನು ಯಾರೂ ಒಂದೊಂದಾಗಿ ಎಣಿಸಿಲ್ಲ.

ಆ ಜಿಂಕೆ ಯಾರಿಗೆ ಸೇರಿದ್ದು?

ಬದುಕಿರುವಾಗ ಯಾರಿಗೂ ಸೇರಿದ್ದಲ್ಲ, ಸರ್ಕಾರದ್ದೂ ಅಲ್ಲ. ಹೊಡೆಯುವ ಹಕ್ಕು ಮಾತ್ರ ಜಮೀನಿನ ಮಾಲೀಕನದು. ಎಸ್ಟೇಟ್ ಅಂದ ಕೂಡಲೇ ನಮಗೆ ಕೊಡಗಿನ ಕಾಫಿ ತೋಟ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಇಲ್ಲಿ ಎಸ್ಟೇಟ್ ಅಂದರೆ ಹತ್ತಿಪ್ಪತ್ತು ಸಾವಿರ ಎಕರೆ ಗುಡ್ಡ, ಜೌಗು, ಕಲ್ಲು. ಒಬ್ಬರದೇ.

ಎಲ್ಲ ತಕರಾರು ಹುಟ್ಟುವುದು ಇಲ್ಲಿಂದಲೇ. ಜಿಂಕೆಗೆ ಸರ್ವೆ ನಂಬರ್ ಗೊತ್ತಿಲ್ಲ. ಬೇಸಿಗೆಯಲ್ಲಿ ಎತ್ತರದ ಗುಡ್ಡದಲ್ಲಿ ಮೇಯುವ ಗಂಡು ಸೆಪ್ಟೆಂಬರ್ ಕೊನೆಗೆ ಬೆದೆ ಶುರುವಾದಾಗ ಹೆಣ್ಣುಗಳಿರುವ ಕಣಿವೆಗೆ ಇಳಿಯುತ್ತದೆ. ಚಳಿ ಜಾಸ್ತಿಯಾದರೆ ಮೂರನೆಯವನ ಕಾಡಿನೊಳಗೆ ಸೇರಿಕೊಳ್ಳುತ್ತದೆ. ಒಂದೇ ಜಿಂಕೆಯನ್ನು ಮೂವರೂ ತಮ್ಮ ಜಿಂಕೆ ಅಂತ ಎಣಿಸಿಕೊಂಡಿರುತ್ತಾರೆ.

ಅದಕ್ಕೇನಾ ಪ್ರದೇಶವಾರು ಲೆಕ್ಕ ಇಡುವುದು?

ಹೌದು. ಒಂದೇ ಹಿಂಡು ಓಡಾಡುವ ಎಸ್ಟೇಟುಗಳೆಲ್ಲ ಸೇರಿ ಒಂದು ಗುಂಪು ಮಾಡಿಕೊಳ್ಳುತ್ತಾರೆ. ಡೀರ್ ಮ್ಯಾನೇಜ್‌ಮೆಂಟ್ ಗ್ರೂಪ್ ಅಂತ ಕರೆಯುತ್ತಾರೆ. ಹೈಲ್ಯಾಂಡ್ಸ್ ಅನ್ನುವ ಉತ್ತರದ ಗುಡ್ಡನಾಡಿನ ತುಂಬ ಇಂಥ ಗುಂಪುಗಳಿವೆ. ಗುಂಪಿನ ಗಡಿ ಜಿಲ್ಲೆಯ ಗಡಿಯಲ್ಲ. ಸಾಮಾನ್ಯವಾಗಿ ಜಿಂಕೆ ಸುಲಭಕ್ಕೆ ದಾಟದ ದೊಡ್ಡ ಸರೋವರವೋ ಹೆದ್ದಾರಿಯೋ ರೈಲು ಹಳಿಯೋ ಗಡಿಯಾಗಿರುತ್ತದೆ.

ವರ್ಷಕ್ಕೆ ಒಂದೆರಡು ಸಲ ಸಭೆ ಸೇರುತ್ತಾರೆ. ಕಳೆದ ವರ್ಷ ಯಾರು ಎಷ್ಟು ಹೊಡೆದರು, ಈ ವರ್ಷ ಎಷ್ಟು ಹೊಡೆಯಬೇಕು, ಎಣಿಕೆ ಯಾವಾಗ ಅಂತ ಮಾತಾಡುತ್ತಾರೆ. ಇದೆಲ್ಲ ಸ್ವಇಚ್ಛೆಯ ಏರ್ಪಾಡು. ಸಭೆಯಲ್ಲಿ ಟೀ ಬಿಸ್ಕತ್ತು ಇರುತ್ತದೆ, ಮುಖ ಗಂಟಿಕ್ಕಿಕೊಂಡವರೂ ಇರುತ್ತಾರೆ. ಬೇಟೆಯ ದುಡ್ಡಿನಿಂದ ನಡೆಯುವ ಎಸ್ಟೇಟಿಗೆ ಜಿಂಕೆ ಜಾಸ್ತಿ ಬೇಕು. ಪಕ್ಕದಲ್ಲಿ ಕಾಡು ಬೆಳೆಸುವವನಿಗೆ ಕಡಿಮೆ ಬೇಕು. ಇಬ್ಬರಿಗೂ ಅದೇ ಹಿಂಡು. ನಮ್ಮ ಕಡೆ ಕೆರೆ ನೀರಿಗೆ ಮೇಲಿನ ಗದ್ದೆಯವನೂ ಕೆಳಗಿನ ಗದ್ದೆಯವನೂ ಜಗಳ ಆಡಿದ ಹಾಗೆಯೇ.

ಬೇಟೆಯ ಸೀಸನ್ ಯಾವಾಗ?

ಹೆಣ್ಣಿಗೆ ಅಕ್ಟೋಬರ್ 21ರಿಂದ ಫೆಬ್ರವರಿ 15. ಗಂಡಿಗೆ ಮೊದಲು ಜುಲೈ 1ರಿಂದ ಅಕ್ಟೋಬರ್ 20 ಅಂತ ಇತ್ತು. 2023ರ ಅಕ್ಟೋಬರ್ 21ರಿಂದ ಗಂಡಿಗೆ ಮುಚ್ಚಿದ ಅವಧಿಯೇ ಇಲ್ಲ, ವರ್ಷಪೂರ್ತಿ ಹೊಡೆಯಬಹುದು. ಸಂಖ್ಯೆ ಇಳಿಸಲು ಇದು ಸಹಾಯ ಅಂತ ಸರ್ಕಾರ ಅಂದಿತು. ಹಳೆಯ ಸ್ಟಾಕರುಗಳು ಗೊಣಗಿದರು. ನನಗೆ ಅವರ ಗೊಣಗಾಟದಲ್ಲಿ ಅರ್ಥ ಇದೆ ಅನಿಸುತ್ತದೆ. ಬೆದೆ ಮುಗಿಸಿ ಮೂಳೆಚಕ್ಕಳವಾದ ಗಂಡನ್ನು ಹೊಡೆದರೆ ಮಾಂಸವೂ ಇಲ್ಲ, ಸಂಖ್ಯೆ ಇಳಿಯುವುದಕ್ಕೆ ದೊಡ್ಡ ಉಪಯೋಗವೂ ಇಲ್ಲ. ಯಾಕೆ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಅಂದ ಹಾಗೆ ಸ್ಟಾಕರ್ ಅಂದರೆ ಇಲ್ಲಿ ಕೆಟ್ಟ ಅರ್ಥ ಇಲ್ಲ. ಗುಡ್ಡದಲ್ಲಿ ತೆವಳಿಕೊಂಡು ಜಿಂಕೆಯ ಹತ್ತಿರ ಹೋಗಿ ಹೊಡೆಯುವ, ಅತಿಥಿಗಳಿಂದ ಹೊಡೆಸುವ ಉದ್ಯೋಗಿ.

ಒಂದು ಜಿಂಕೆ ಹೊಡೆದರೆ ಪುಸ್ತಕದಲ್ಲಿ ಏನೇನು ಬರೆಯುತ್ತಾರೆ?

ನನ್ನ ಕೆಲಸ ಇದೇ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಜಿಂಕೆ ಬಿದ್ದ ಜಾಗದಲ್ಲೇ ಕರುಳು ಹೊಟ್ಟೆ ತೆಗೆಯುತ್ತಾರೆ. ಆಗಲೇ ಒಳಗಿನ ಗಂಟುಗಳನ್ನು ಮುಟ್ಟಿ ನೋಡಿ ರೋಗ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಕ್ಷಯ ಮುಖ್ಯವಾದ ಭಯ. ಆಮೇಲೆ ಗುಡ್ಡದ ಕುದುರೆಯ ಮೇಲೋ ಎಂಟು ಚಕ್ರದ ಬಂಡಿಯಲ್ಲೋ ಕೆಳಗೆ ತಂದು ಲಾರ್ಡರ್ ಅನ್ನುವ ತಂಪು ಕೋಣೆಯಲ್ಲಿ ನೇತುಹಾಕುತ್ತಾರೆ. ಆ ಕೋಣೆಯ ಗೋಡೆಗೆ ಒಂದು ಪುಸ್ತಕ ನೇತಾಡುತ್ತಿರುತ್ತದೆ. ರಕ್ತದ ಬೆರಳಚ್ಚು, ಚಹಾದ ಕಲೆ ಎಲ್ಲ ಇರುತ್ತದೆ.

ಅದರಲ್ಲಿ ದಿನಾಂಕ, ಹೊಡೆದವರ ಹೆಸರು, ಜಾಗ. ಜಾಗಕ್ಕೆ ಹಳಬರು ಗೇಲಿಕ್ ಭಾಷೆಯ ಗುಡ್ಡದ ಹೆಸರು ಬರೆಯುತ್ತಾರೆ. ಅದೇ ಹೆಸರಿನ ಗುಡ್ಡ ಪಕ್ಕದ ಕಣಿವೆಯಲ್ಲೂ ಇರುತ್ತದೆ, ಹಾಗಾಗಿ ಈಗ ನಕ್ಷೆಯ ಆರು ಅಂಕಿಯ ಗ್ರಿಡ್ ಸಂಖ್ಯೆ ಬೇಕು ಅಂತೀವಿ. ಅದು 100 ಮೀಟರ್ ಚೌಕವನ್ನು ತೋರಿಸುತ್ತದೆ. ಆಮೇಲೆ ಗಂಡೋ ಹೆಣ್ಣೋ ಮರಿಯೋ, ವಯಸ್ಸು, ತೂಕ. ಗಂಡಾದರೆ ಕೊಂಬಿನ ಕವಲು ಎಷ್ಟು. ಹೆಣ್ಣಾದರೆ ಕೆಚ್ಚಲಲ್ಲಿ ಹಾಲು ಇದೆಯಾ, ಗಬ್ಬ ನಿಂತಿದೆಯಾ. ಮೂತ್ರಪಿಂಡದ ಸುತ್ತ ಕೊಬ್ಬು ಎಷ್ಟಿದೆ ಅಂತ ಬರೆಯುವವರೂ ಇದ್ದಾರೆ. ಆ ಕೊಬ್ಬು ಮೈಯಲ್ಲಿ ಎಷ್ಟು ಕಸುವಿದೆ ಅಂತ ಸುಳ್ಳಿಲ್ಲದೆ ಹೇಳುತ್ತದೆ.

ಮೋಸ ಮಾಡುವುದು ತೂಕ. ಒಂದು ಎಸ್ಟೇಟಿನಲ್ಲಿ ತಲೆ ಕಾಲು ಸಮೇತ ತೂಗುತ್ತಾರೆ, ಇನ್ನೊಂದರಲ್ಲಿ ತೆಗೆದು ತೂಗುತ್ತಾರೆ. ಹಳೆಯ ಪುಸ್ತಕಗಳಲ್ಲಿ ಸ್ಟೋನ್ ಲೆಕ್ಕ. ಒಂದು ಸ್ಟೋನ್ ಅಂದರೆ 14 ಪೌಂಡ್, ಸುಮಾರು 6.35 ಕೆಜಿ. ಮೊದಲ ವರ್ಷ ನಾನು ಇದನ್ನು ಗಮನಿಸದೆ ಎರಡು ಎಸ್ಟೇಟಿನ ಅಂಕಿ ಒಂದೇ ಪಟ್ಟಿಗೆ ಹಾಕಿದ್ದೆ. ಒಂದು ಕಣಿವೆಯ ಜಿಂಕೆಗಳೆಲ್ಲ ಇದ್ದಕ್ಕಿದ್ದ ಹಾಗೆ ಬಡಕಲಾಗಿ ಕಂಡವು. ಸಭೆಯಲ್ಲಿ ಅದರ ಮೇಲೆ ಅರ್ಧ ಗಂಟೆ ಚರ್ಚೆ ಆಯಿತು. ಕೊನೆಗೆ ಒಬ್ಬ ಹಿರಿಯ ಸ್ಟಾಕರ್ ಮೆಲ್ಲಗೆ ಕೇಳಿದರು, "ತಲೆ ಇಟ್ಟು ತೂಗಿದ್ದಾ, ತೆಗೆದು ತೂಗಿದ್ದಾ?" ನನ್ನ ತಲೆ ತಗ್ಗಿತು.

ಸತ್ತ ಜಿಂಕೆಯ ವಯಸ್ಸು ಹೇಗೆ ಗೊತ್ತಾಗುತ್ತದೆ?

ಹಲ್ಲು ನೋಡಿ. ಎತ್ತು ಕೊಳ್ಳುವಾಗ ನಮ್ಮ ರೈತರು ಬಾಯಿ ಬಿಡಿಸಿ ನೋಡುವುದಿಲ್ಲವೇ, ಹಾಗೆ. ಕೆಳದವಡೆಯಲ್ಲಿ ಮುಂದಿನಿಂದ ಮೂರನೆಯ ದವಡೆಹಲ್ಲು ಹಾಲುಹಲ್ಲಾಗಿದ್ದಾಗ ಮೂರು ಭಾಗ ಇರುತ್ತದೆ. ಎರಡು ವರ್ಷ ದಾಟಿದ ಮೇಲೆ ಅದು ಬಿದ್ದು ಎರಡು ಭಾಗದ ಹಲ್ಲು ಬರುತ್ತದೆ. ಮರಿ, ಹರೆಯದ್ದು, ಬಲಿತದ್ದು ಅಂತ ಬೇರೆ ಮಾಡಲು ಇಷ್ಟು ಸಾಕು. ಅದಕ್ಕಿಂತ ಮೇಲೆ ಸವೆತ ನೋಡಿ ಅಂದಾಜು ಮಾಡಬೇಕು. ಮರಳು ಮಣ್ಣಿನ ಹುಲ್ಲು ಮೇಯ್ದದ್ದರ ಹಲ್ಲು ಬೇಗ ಸವೆಯುತ್ತದೆ, ಹಾಗಾಗಿ ತಪ್ಪೂ ಆಗುತ್ತದೆ. ನಿಖರವಾಗಿ ಬೇಕಾದರೆ ಹಲ್ಲನ್ನು ಸೀಳಿ, ಮರದ ಕಾಂಡದ ಉಂಗುರದಂತೆ ಪದರ ಎಣಿಸಬೇಕು. ಆ ಕೆಲಸ ಪ್ರಯೋಗಾಲಯದ್ದು.

ಕೊಂಬಿನ ಕವಲು ಎಣಿಸಿ ವಯಸ್ಸು ಹೇಳುವವರನ್ನು ನಂಬಬೇಡಿ.

ಬದುಕಿರುವ ಜಿಂಕೆಗಳನ್ನು ಹೇಗೆ ಎಣಿಸುತ್ತಾರೆ?

ಬೋಳು ಗುಡ್ಡದಲ್ಲಾದರೆ ಚಳಿಗಾಲದ ಕೊನೆಗೆ, ಹಿಂಡುಗಳು ಕೆಳಗೆ ಇಳಿದಿರುವಾಗ. ಮೊದಲೆಲ್ಲ ಸಾಲಾಗಿ ನಡೆದು ದುರ್ಬೀನಿನಲ್ಲಿ ಎಣಿಸುತ್ತಿದ್ದರು. ಈಗ ಹೆಲಿಕಾಪ್ಟರಿನಲ್ಲಿ ಹೋಗಿ ಫೋಟೋ ತೆಗೆದು, ಆಫೀಸಿನಲ್ಲಿ ಕೂತು ಫೋಟೋದಲ್ಲಿ ಎಣಿಸುತ್ತಾರೆ. ಬಿಸಿ ಗುರುತಿಸುವ ಕ್ಯಾಮೆರಾ ಕಟ್ಟಿದ ಡ್ರೋನ್ ಕೂಡ ಬಂದಿದೆ.

ಕಾಡಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಹಿಕ್ಕೆ ಎಣಿಸಬೇಕು. ಹೌದು, ಸಗಣಿಯೇ. ಒಂದಷ್ಟು ಚೌಕಗಳನ್ನು ಗುರುತು ಹಾಕಿ, ಹಿಕ್ಕೆ ರಾಶಿ ಎಷ್ಟು ಬಿದ್ದಿವೆ ಅಂತ ನೋಡಿ, ಒಂದು ಜಿಂಕೆ ದಿನಕ್ಕೆ ಎಷ್ಟು ಸಲ ಹಾಕುತ್ತದೆ, ಅದು ಕರಗಲು ಎಷ್ಟು ದಿನ ಬೇಕು ಅನ್ನುವುದರಿಂದ ಭಾಗಿಸುತ್ತಾರೆ. ನಮ್ಮ ನಾಗರಹೊಳೆಯಲ್ಲಿ ಹುಲಿಯ ಆಹಾರದ ಪ್ರಾಣಿಗಳನ್ನು ಅಂದಾಜು ಮಾಡಲು ನೇರ ದಾರಿಯಲ್ಲಿ ನಡೆದು, ಕಂಡ ಜಿಂಕೆ ಎಷ್ಟು ದೂರದಲ್ಲಿತ್ತು ಅಂತ ಬರೆದುಕೊಳ್ಳುವ ಪದ್ಧತಿ ಇದೆಯಲ್ಲ, ಅದರ ಹಿಂದೆಯೂ ಇರುವುದು ಇದೇ ಬುದ್ಧಿ. ಎಲ್ಲವನ್ನೂ ಕಾಣಲಾಗದು ಅಂತ ಒಪ್ಪಿಕೊಂಡು ಲೆಕ್ಕ ಕಟ್ಟುವುದು.

ಯಾವ ದಾರಿ ಹಿಡಿದರೂ ಬದುಕಿರುವ ಜಿಂಕೆಯ ಸಂಖ್ಯೆ ಅಂದಾಜೇ. ಸತ್ತದ್ದರ ಸಂಖ್ಯೆ ಮಾತ್ರ ನಿಜ. ಅದು ಕೊಕ್ಕೆಯಲ್ಲಿ ನೇತಾಡುತ್ತಿರುತ್ತದೆ, ಮುಟ್ಟಿ ನೋಡಬಹುದು. ಹಾಗಾಗಿ ಗೋಡೆಯ ಮೇಲಿನ ಆ ಕೊಳಕು ಪುಸ್ತಕವನ್ನು ನಾನು ಹೆಲಿಕಾಪ್ಟರಿಗಿಂತ ಜಾಸ್ತಿ ನಂಬುತ್ತೇನೆ.

ಈ ವರ್ಷ ಇಷ್ಟು ಹೊಡೆಯಬೇಕು ಅಂತ ಹೇಗೆ ತೀರ್ಮಾನಿಸುತ್ತಾರೆ?

ಮೂರು ಅಂಕಿ ಬೇಕು. ಎಷ್ಟು ಹೆಣ್ಣು, ನೂರು ಹೆಣ್ಣಿಗೆ ಎಷ್ಟು ಮರಿ ಚಳಿ ದಾಟಿ ಉಳಿಯುತ್ತವೆ, ತಾವಾಗಿಯೇ ಸಾಯುವುದು ಎಷ್ಟು. ಕೆಂಪು ಜಿಂಕೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ, ಮೇ ಕೊನೆ ಅಥವಾ ಜೂನಿನಲ್ಲಿ. ಎಲ್ಲ ಹೆಣ್ಣೂ ಪ್ರತಿ ವರ್ಷ ಹಾಕುವುದಿಲ್ಲ, ಹಾಕಿದ್ದೆಲ್ಲ ಉಳಿಯುವುದಿಲ್ಲ.

ಒಂದು ಕಾಲ್ಪನಿಕ ಗುಂಪು ತಗೊಳ್ಳೋಣ. ಹೆಣ್ಣು 600, ಗಂಡು 400. ನೂರು ಹೆಣ್ಣಿಗೆ 35 ಮರಿ ಉಳಿದವು ಅಂದುಕೊಳ್ಳಿ. ಒಟ್ಟು 210 ಮರಿ, ಅರ್ಧ ಹೆಣ್ಣು, ಅರ್ಧ ಗಂಡು, ಅಂದರೆ 105 ಮತ್ತು 105. ದೊಡ್ಡವುಗಳಲ್ಲಿ ನೂರಕ್ಕೆ ಮೂರು ತಾವಾಗಿ ಸಾಯುತ್ತವೆ ಅಂದರೆ ಹೆಣ್ಣು 18, ಗಂಡು 12 ಹೋದವು. ಸಂಖ್ಯೆ ಇದ್ದಲ್ಲೇ ಇರಬೇಕಾದರೆ 87 ಹೆಣ್ಣು, 93 ಗಂಡು ಹೊಡೆಯಬೇಕು. ಒಟ್ಟು 180.

ಈಗ ಅದೇ 180ನ್ನು ಬೇರೆ ಥರ ಹೊಡೆಯೋಣ. ಗಂಡು 140, ಹೆಣ್ಣು 40. ವರದಿಯಲ್ಲಿ ಒಟ್ಟು ಸಂಖ್ಯೆ ಅಷ್ಟೇ. ಐದು ವರ್ಷ ಹೀಗೇ ಮಾಡಿ ನೋಡಿ. ಹೆಣ್ಣು 600ರಿಂದ ಸುಮಾರು 915ಕ್ಕೆ ಏರುತ್ತದೆ. ಗಂಡು 400ರಿಂದ 270ರ ಹತ್ತಿರಕ್ಕೆ ಇಳಿಯುತ್ತದೆ. ಒಟ್ಟು ಜಿಂಕೆ ಸಾವಿರದಿಂದ 1,185ರ ಆಸುಪಾಸಿಗೆ ಬರುತ್ತದೆ. ವರ್ಷಾ ವರ್ಷ 180 ಹೊಡೆದೂ ಜಿಂಕೆ ಜಾಸ್ತಿಯಾಯಿತು, ಹೊಡೆಯಲು ಬೇಕಾದ ಗಂಡು ಕಡಿಮೆಯಾಯಿತು. ಬೇಟೆಗೆ ದುಡ್ಡು ಕೊಡುವವನಿಗೂ ನಷ್ಟ, ಕಾಡಿಗೂ ನಷ್ಟ.

ಸಭೆಯಲ್ಲಿ ಯಾರಾದರೂ ಒಟ್ಟು ಸಂಖ್ಯೆ ಮಾತ್ರ ಹೇಳಿ ಕೂತರೆ ನಾನು ಕೇಳುವುದು ಒಂದೇ. ಅದರಲ್ಲಿ ಹೆಣ್ಣು ಎಷ್ಟು?

ಹಿಂಡು ಇದ್ದಷ್ಟೇ ಇರಲಿ ಅನ್ನುವ ಲೆಕ್ಕ ಇದು. ಇಳಿಸಬೇಕು ಅಂದರೆ ಹೆಣ್ಣಿನ ಪಾಲು ಇನ್ನೂ ಏರಬೇಕು. ಎಲ್ಲಿಗೆ ಇಳಿಸಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಸರ್ಕಾರ ನೇಮಿಸಿದ್ದ ಡೀರ್ ವರ್ಕಿಂಗ್ ಗ್ರೂಪ್ 2020ರಲ್ಲಿ 99 ಶಿಫಾರಸುಗಳ ವರದಿ ಕೊಟ್ಟಿತು. ಹೈಲ್ಯಾಂಡ್ಸ್‌ನ ದೊಡ್ಡ ಬಯಲು ಗುಡ್ಡಗಳಲ್ಲಿ ಚದರ ಕಿಲೋಮೀಟರಿಗೆ 10 ಕೆಂಪು ಜಿಂಕೆ ಮೇಲಿನ ಮಿತಿಯಾಗಲಿ ಅಂತ ಅದರಲ್ಲಿದೆ. ಪೈನ್ ಕಾಡು ಬೇಲಿಯಿಲ್ಲದೆ ತಾನಾಗಿ ಮೊಳೆಯಬೇಕು ಅಂದರೆ ಅದಕ್ಕಿಂತ ತುಂಬ ಕೆಳಗೆ ಇಳಿಯಬೇಕು.

ಹೆಣ್ಣು ಹೊಡೆಯುವುದೇ ಮುಖ್ಯ ಅಂದರೆ ಎಲ್ಲರೂ ಗಂಡಿನ ಹಿಂದೆ ಯಾಕೆ ಹೋಗುತ್ತಾರೆ?

ಕೊಂಬು. ದುಡ್ಡು ಕೊಟ್ಟು ಬರುವ ಅತಿಥಿಗೆ ಗೋಡೆಗೆ ಹಾಕಲು ಕೊಂಬು ಬೇಕು. ಸೆಪ್ಟೆಂಬರಿನ ಬಿಸಿಲು, ಗುಡ್ಡದ ತುಂಬ ನೇರಳೆ ಹೀದರ್ ಹೂವು, ಸಂಜೆಗೆ ವಿಸ್ಕಿ. ಹೆಣ್ಣಿನ ಸೀಸನ್ ಬರುವಾಗ ಬೆಳಗ್ಗೆ ಒಂಬತ್ತಕ್ಕೆ ಬೆಳಕು, ನಾಲ್ಕಕ್ಕೆ ಕತ್ತಲು, ನಡುವೆ ಮಳೆ. ಅತಿಥಿಗಳು ಬರುವುದಿಲ್ಲ. ಸ್ಟಾಕರ್ ಒಬ್ಬನೇ ಒದ್ದೆ ಬಟ್ಟೆಯಲ್ಲಿ ನೂರಾರು ಹೆಣ್ಣಿನ ಗುರಿ ಮುಟ್ಟಬೇಕು. ಜನವರಿಯಲ್ಲಿ ಎರಡು ವಾರ ಹಿಮ ಕೂತರೆ ಆ ವರ್ಷದ ಯೋಜನೆ ಅಷ್ಟಕ್ಕೇ ನಿಂತಿತು.

ಮರಿ ಇರುವ ತಾಯಿಯನ್ನು ಹೊಡೆಯುವುದು ಪಾಪ ಅಲ್ವಾ?

ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ನಿಯಮ ಏನು ಅಂತ ಮಾತ್ರ ಹೇಳಬಲ್ಲೆ. ಹೆಣ್ಣಿನ ಸೀಸನ್ ಅಕ್ಟೋಬರ್ ಕೊನೆಗೆ ಶುರುವಾಗುವುದೇ ಮರಿ ಅಷ್ಟರಲ್ಲಿ ನಾಲ್ಕೈದು ತಿಂಗಳದ್ದಾಗಿರಲಿ ಅಂತ. ತಾಯಿ ಮರಿ ಜೊತೆಗಿದ್ದರೆ ಎರಡನ್ನೂ ಹೊಡೆಯಬೇಕು, ಮರಿಯನ್ನು ಒಂಟಿಯಾಗಿ ಚಳಿಗೆ ಬಿಡಬಾರದು ಅನ್ನುವುದು ಒಳ್ಳೆಯ ಸ್ಟಾಕರಿನ ಪಾಠ. ಕೆಚ್ಚಲಲ್ಲಿ ಹಾಲಿತ್ತಾ ಅಂತ ಪುಸ್ತಕದಲ್ಲಿ ಬರೆಯುವುದು ಇದಕ್ಕೂ ಉಪಯೋಗಕ್ಕೆ ಬರುತ್ತದೆ. ಹಾಲಿದ್ದ ಹೆಣ್ಣುಗಳು 30, ಹೊಡೆದ ಮರಿ 5 ಅಂತ ಇದ್ದರೆ ಎಲ್ಲೋ ತಬ್ಬಲಿಗಳು ಉಳಿದಿವೆ ಅಂತ ಅರ್ಥ.

ಇದನ್ನು ಅಮ್ಮನಿಗೆ ಹೇಳಿದಾಗ ಅವರು ಫೋನ್ ಇಟ್ಟುಬಿಟ್ಟರು. ಮಾರನೇ ದಿನ ಮಾಡಿದರು, ಬೇರೆ ವಿಷಯ ಮಾತಾಡಿದರು.

ಈ ಲೆಕ್ಕ ಯಾರಿಗೆ ಕೊಡಬೇಕು?

ನೇಚರ್‌ಸ್ಕಾಟ್ ಅನ್ನುವ ಸರ್ಕಾರಿ ಸಂಸ್ಥೆಗೆ. ಇದರ ಬೇರು 1959ರಷ್ಟು ಹಳೆಯದು. ಆಗ ಕಾನೂನು ಬಂದು ರೆಡ್ ಡೀರ್ ಕಮಿಷನ್ ಹುಟ್ಟಿತು. ಈಗ ನಡೆಯುವುದು 1996ರ ಡೀರ್ ಸ್ಕಾಟ್ಲೆಂಡ್ ಕಾಯ್ದೆ. ಅದರ 40ನೇ ಸೆಕ್ಷನ್ ಪ್ರಕಾರ ಹೊಡೆದ ಜಿಂಕೆಗಳ ಲೆಕ್ಕವನ್ನು ಮಾಲೀಕರಿಂದ ಕೇಳುವ ಅಧಿಕಾರ ಸಂಸ್ಥೆಗೆ ಇದೆ. ಏಪ್ರಿಲ್ 1ರಿಂದ ಮಾರ್ಚ್ 31ರ ತನಕದ ಲೆಕ್ಕ. ನಮ್ಮ ಹಣಕಾಸು ವರ್ಷದ ಹಾಗೆಯೇ. ಕೇಳಿದ ಮೇಲೂ ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಅಪರಾಧ.

ಗುಂಪಿಗೆ ಕೊಡುವ ಲೆಕ್ಕ ಬೇರೆ. ಅದು ಹೆಚ್ಚು ವಿವರವಾಗಿರುತ್ತದೆ.

ಸುಳ್ಳು ಲೆಕ್ಕ ಕೊಟ್ಟರೆ ಹಿಡಿಯುವುದು ಹೇಗೆ?

ಕಷ್ಟ. ಜರ್ಮನಿಯಲ್ಲಿ ಕೆಲವು ಕಡೆ ಹೊಡೆದ ಜಿಂಕೆಯನ್ನೋ ಅದರ ಒಂದು ಭಾಗವನ್ನೋ ತಂದು ತೋರಿಸಬೇಕು. ಹೊಡೆಯಬೇಕಾದ ಸಂಖ್ಯೆಯೇ ಅಲ್ಲಿ ಅಧಿಕಾರಿಗಳ ಒಪ್ಪಿಗೆ ಪಡೆದ ಯೋಜನೆ. ಸ್ಕಾಟ್ಲೆಂಡಿನಲ್ಲಿ ಅಂಥದ್ದಿಲ್ಲ. ಆದರೆ ಮಾಂಸ ವ್ಯಾಪಾರಿಗೆ ಮಾರುವ ಪ್ರತಿ ಜಿಂಕೆಗೂ ಒಂದು ಚೀಟಿ ಕಟ್ಟಬೇಕು. ಯಾರು, ಯಾವತ್ತು, ಎಲ್ಲಿ ಹೊಡೆದರು, ರೋಗದ ಲಕ್ಷಣ ಇತ್ತಾ ಅಂತ. ಆ ಚೀಟಿಯನ್ನೂ ಪುಸ್ತಕವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬಹಳ ಮಟ್ಟಿಗೆ ಗೊತ್ತಾಗುತ್ತದೆ.

ನಾನು ಕಂಡ ತಪ್ಪುಗಳಲ್ಲಿ ಸುಳ್ಳಿಗಿಂತ ಗೊಂದಲವೇ ಜಾಸ್ತಿ. ಒಬ್ಬರ ಜಮೀನಿನಲ್ಲಿ ಗುಂಡು ತಿಂದ ಗಂಡು ಗಡಿ ದಾಟಿ ಬಿತ್ತು. ಎರಡೂ ಕಡೆಯವರು ಫೋನಿನಲ್ಲಿ ಮಾತಾಡಿಕೊಂಡು ಇಳಿಸಿದರು. ಎರಡೂ ಪುಸ್ತಕದಲ್ಲಿ ಏರಿತು. ಒಂದು ಜಿಂಕೆ ಎರಡು ಸಲ ಸತ್ತಿತು.

ಒಪ್ಪಿಕೊಂಡ ಸಂಖ್ಯೆ ಹೊಡೆಯದಿದ್ದರೆ ಸರ್ಕಾರ ಏನು ಮಾಡುತ್ತದೆ?

ಮೊದಲು ಮಾತು. ಆಮೇಲೆ ಕಾಯ್ದೆಯ 7ನೇ ಸೆಕ್ಷನ್, ಅದರಲ್ಲಿ ಎಸ್ಟೇಟಿನ ಜೊತೆ ಲಿಖಿತ ಒಪ್ಪಂದ. ಅದೂ ಆಗದಿದ್ದರೆ 8ನೇ ಸೆಕ್ಷನ್. ಅದರಲ್ಲಿ ಸಂಸ್ಥೆಯೇ ಯೋಜನೆ ಹೇರಬಹುದು. ಅಲ್ಲಿಯ ತನಕ ಹೋಗುವುದು ತೀರಾ ಅಪರೂಪ. 2004ರಲ್ಲಿ ಕೇರ್ನ್‌ಗಾರ್ಮ್ಸ್ ಬೆಟ್ಟಗಳ ಗ್ಲೆನ್‌ಫೆಶಿಯಲ್ಲಿ ಹೆಲಿಕಾಪ್ಟರ್ ಬಳಸಿ ಜಿಂಕೆ ಹೊಡೆಸಿದಾಗ ದೊಡ್ಡ ಗಲಾಟೆ ಆಯಿತು. ಸ್ಟಾಕರುಗಳು ಬೀದಿಗಿಳಿದರು. ಜಿಂಕೆಗೆ ಗೌರವ ಕೊಡದೆ ಹೊಡೆದರು ಅನ್ನುವುದು ಅವರ ಸಿಟ್ಟು. ಆ ಕಣಿವೆಯಲ್ಲಿ ಇವತ್ತು ಹಳೆಯ ಪೈನ್ ಮರಗಳ ಕೆಳಗೆ ಮಕ್ಕಳ ಹಿಂಡಿನ ಹಾಗೆ ಸಸಿಗಳು ನಿಂತಿವೆ. ಎರಡನ್ನೂ ಮರೆಯಬಾರದು.

ಬೇರೆ ಕಡೆಯೂ ಕಾಡು ವಾಪಸ್ ಬಂದಿದೆಯಾ?

ಬಂದಿದೆ. ನೋಡಬೇಕಾದರೆ ಲಗನ್ ಸರೋವರದ ಪಕ್ಕದ ಕ್ರೆಗ್ ಮೆಗಿಗೆ ಹೋಗಿ. ಅಲ್ಲಿ ಸಿಟ್ಕಾ ಸ್ಪ್ರೂಸ್ ಅನ್ನುವ ಮರದ ನೆಡುತೋಪು ಮಾಡುವ ಯೋಜನೆ ಇತ್ತು. 1985ರಲ್ಲಿ ಸರ್ಕಾರದ ನೇಚರ್ ಕನ್ಸರ್ವೆನ್ಸಿ ಕೌನ್ಸಿಲ್ ಆ ಜಾಗ ಕೊಂಡಿತು. ಕಾಡು ಬೆಳೆಸಲು ಬೇಲಿಯನ್ನು ನೆಚ್ಚಲಿಲ್ಲ. ಮುಖ್ಯವಾಗಿ ಜಿಂಕೆ ಕಡಿಮೆ ಮಾಡಿದರು. ಈಗ ದಾರಿಯುದ್ದಕ್ಕೂ ಬರ್ಚ್ ಕಾಡು.

ಬೇಲಿ ಹಾಕಿದರೆ ಸಾಲದಾ?

ಸ್ವಲ್ಪ ದಿನಕ್ಕೆ ಸಾಕು. ಆದರೆ ದುಬಾರಿ. ಒಳಗೆ ಬರಲಾಗದ ಜಿಂಕೆ ಹೊರಗಿನದನ್ನು ಇನ್ನಷ್ಟು ತಿನ್ನುತ್ತದೆ. ಕ್ಯಾಪರ್‌ಕೇಲಿ ಅನ್ನುವ ದೊಡ್ಡ ಕಾಡುಕೋಳಿ ಹಾರುವಾಗ ಬೇಲಿಗೆ ಬಡಿದು ಸಾಯುತ್ತದೆ. ಅದು ಮೊದಲೇ ಅಳಿವಿನಂಚಿನಲ್ಲಿದೆ.

ಬೇರೆ ದೇಶದಲ್ಲಿ ಇದಕ್ಕಿಂತ ಚೆನ್ನಾಗಿ ಲೆಕ್ಕ ಇಡುತ್ತಾರಾ?

ನಾರ್ವೆ. ಅಲ್ಲಿ ಬೇಟೆಗಾರರು ಹೊಡೆದದ್ದನ್ನು ಮಾತ್ರವಲ್ಲ, ಕಂಡದ್ದನ್ನೂ ಬರೆಯುತ್ತಾರೆ. ಇವತ್ತು ಎಷ್ಟು ಗಂಟೆ ಕಾದೆ, ಎಷ್ಟು ಹೆಣ್ಣು, ಎಷ್ಟು ಮರಿ, ಎಷ್ಟು ಗಂಡು ಕಂಡೆ ಅಂತ. ಅದೆಲ್ಲ ದೇಶಕ್ಕೊಂದೇ ದಾಖಲೆಗೆ ಸೇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಪ್ರತಿ ಬೇಟೆಗಾರನೂ ಸುಮ್ನೆ ಒಬ್ಬ ಎಣಿಕೆಗಾರನಾಗಿಬಿಟ್ಟ. ಒಬ್ಬೊಬ್ಬರ ಕಣ್ಣು ತಪ್ಪಬಹುದು. ಸಾವಿರಾರು ಜನ ಹತ್ತಾರು ವರ್ಷ ಒಂದೇ ಥರ ತಪ್ಪಿದರೂ ಏರಿಳಿತ ಕಾಣುತ್ತದೆ.

2016ರಲ್ಲಿ ನಾರ್ವೆಯ ಕಾಡು ಹಿಮಸಾರಂಗದಲ್ಲಿ ಜಿಂಕೆಗಳ ಮೆದುಳು ಕೊರೆಯುವ ಒಂದು ರೋಗ ಸಿಕ್ಕಿತು. ಯುರೋಪಿನಲ್ಲಿ ಅದೇ ಮೊದಲು. ಆಗ ಬೇಟೆಗಾರರು ಕಳಿಸಿದ ತಲೆಗಳನ್ನು ಪರೀಕ್ಷೆ ಮಾಡಲು ಒಂದು ವ್ಯವಸ್ಥೆ ಬೇಕಾಯಿತು. ಯಾವ ತಲೆ ಎಲ್ಲಿಯದು ಅಂತ ಮೊದಲೇ ಬರೆಯುವ ರೂಢಿ ಇದ್ದವರಿಗೆ ಇಂಥ ಕೆಲಸ ಸಲೀಸು.

ಮಾಂಸ ಏನಾಗುತ್ತದೆ?

ತಿನ್ನುತ್ತಾರೆ. ವೆನಿಸನ್ ಅಂತ ಅಂಗಡಿಯಲ್ಲಿ ಸಿಗುತ್ತದೆ. 7 ಡಿಗ್ರಿಗಿಂತ ಕೆಳಗೆ ತಣ್ಣಗಿಟ್ಟು ಸಾಗಿಸಬೇಕು. ನಮ್ಮ ಮಂಗಳೂರಿನ ಗೆಳೆಯರೊಬ್ಬರು ಕಾಳುಮೆಣಸು ಹಾಕಿ ಸುಕ್ಕಾ ಮಾಡುತ್ತಾರೆ. ಚೆನ್ನಾಗಿರುತ್ತದಂತೆ. ಕೊಬ್ಬು ಕಡಿಮೆ, ಹಾಗಾಗಿ ಜಾಸ್ತಿ ಬೇಯಿಸಿದರೆ ಚಪ್ಪಲಿ.

ಸ್ಕಾಟ್ಲೆಂಡಿಗೆ ಹೊಸದಾಗಿ ಬಂದಿದ್ದೇವೆ. ಬೇಟೆ ನಡೆಯುವಾಗ ಗುಡ್ಡ ಹತ್ತಬಹುದಾ?

ಹತ್ತಬಹುದು. 2003ರ ಕಾನೂನು ಜವಾಬ್ದಾರಿಯಿಂದ ಓಡಾಡುವವರಿಗೆಲ್ಲ ಆ ಹಕ್ಕು ಕೊಟ್ಟಿದೆ. ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಕಾರ್ ನಿಲ್ಲಿಸುವ ಜಾಗದಲ್ಲಿ ಬೋರ್ಡ್ ಇದ್ದರೆ ಓದಿ, ಹೇಳಿದ ದಾರಿಯಲ್ಲಿ ಹೋಗಿ. ನೀವು ತುದಿಯಲ್ಲಿ ನಿಂತು ಸೆಲ್ಫಿ ತೆಗೆದಾಗ ಕೆಳಗೆ ಮೂರು ಗಂಟೆ ತೆವಳಿದ ಒಬ್ಬ ಮನುಷ್ಯನ ದಿನ ಹಾಳಾಗಿರುತ್ತದೆ.

ಕರ್ನಾಟಕದಲ್ಲೂ ಹೀಗೆ ಮಾಡಬಹುದಾ? ಹಂದಿ ಕಾಟ ಜಾಸ್ತಿಯಾಗಿದೆ.

ಮಲೆನಾಡಿನ ಎಲ್ಲ ನೆಂಟರೂ ಕೇಳುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬೇಟೆ ನಿಷಿದ್ಧ. ಬೆಳೆ ಹಾಳಾದಾಗ ಅನುಮತಿ ಕೊಡುವ ಅವಕಾಶ ಅದರೊಳಗೇ ಇದೆ, ಅದು ಅರಣ್ಯ ಇಲಾಖೆಯ ಮೂಲಕ. ನನ್ನ ಅನಿಸಿಕೆ ಕೇಳಿದರೆ, ಬಂದೂಕಿನ ಮಾತು ಕೊನೆಗೆ ಬರಲಿ. ಮೊದಲು ಯಾವ ತೋಟಕ್ಕೆ, ಯಾವ ತಿಂಗಳು, ಎಷ್ಟು ಹಂದಿ ಬಂದವು ಅಂತ ಊರಿನವರೇ ಒಂದು ಪುಸ್ತಕದಲ್ಲಿ ಬರೆದಿಡಲಿ. ಸ್ಕಾಟ್ಲೆಂಡಿನಿಂದ ಕಲಿಯಬಹುದಾದದ್ದು ಅಷ್ಟೇ.

ಪುಸ್ತಕ ಬರೆಯಲು ಹೊಸದಾಗಿ ಶುರುಮಾಡುವವರಿಗೆ ಏನು ಹೇಳುತ್ತೀರಿ?

ಅವತ್ತಿನದು ಅವತ್ತೇ ಬರೆಯಿರಿ. ನಾಳೆಗೆ ಬಿಟ್ಟರೆ ಹಾಲಿತ್ತೋ ಇಲ್ಲವೋ ಅನ್ನುವುದು ನೆನಪಿರುವುದಿಲ್ಲ. ತೂಕದ ಪಕ್ಕದಲ್ಲಿ ತಲೆ ಇತ್ತಾ ಇಲ್ಲವಾ ಅಂತ ಒಂದು ಗುರುತು ಹಾಕಿ. ಹೊಡೆಯಲು ಹೋಗಿ ಬರಿಗೈಯಲ್ಲಿ ಬಂದ ದಿನವನ್ನೂ ಬರೆಯಿರಿ. ಜಿಂಕೆ ಇಲ್ಲವೋ ಅಥವಾ ನೀವು ಹೋಗಲೇ ಇಲ್ಲವೋ ಅಂತ ಹತ್ತು ವರ್ಷ ಆದಮೇಲೆ ತಿಳಿಯುವುದು ಅದರಿಂದಲೇ. ಮತ್ತೆ, ಪೆನ್ನು ಬೇಡ. ಕೈ ಒದ್ದೆ ಇರುತ್ತದೆ, ಶಾಯಿ ಹರಡುತ್ತದೆ. ಪೆನ್ಸಿಲ್ಲಿಗೆ ಒಂದು ದಾರ ಕಟ್ಟಿ ಪುಸ್ತಕದ ಪಕ್ಕದಲ್ಲೇ ನೇತುಹಾಕಿ, ಇಲ್ಲದಿದ್ದರೆ ಯಾರಾದರೂ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ.